ಶಿಶುಶಿಕ್ಷಣ: ಸಕಲೇಶಪುರ–ಆಲೂರು ಮಲೆನಾಡಿನಲ್ಲಿ

ಶಿಶುಶಿಕ್ಷಣ ಎಂಬುದು ಹುಟ್ಟಿನಿಂದ ಒಂದನೇ ತರಗತಿ ಸೇರುವವರೆಗಿನ ಮಕ್ಕಳ ಪಾಲನೆ, ಪೋಷಣೆ, ಆಟ, ಮಾತು, ಕಲಿಕೆ ಎಲ್ಲಕ್ಕೂ ಸೇರಿದ ಹೆಸರು. ಇದರಲ್ಲಿ ಮೂರರಿಂದ ಆರು ವರ್ಷದವರೆಗಿನ ಭಾಗವನ್ನು ಸರ್ಕಾರಿ ಕಾಗದಗಳು ಶಾಲಾಪೂರ್ವ ಶಿಕ್ಷಣ ಎನ್ನುತ್ತವೆ. ಜನರ ಬಾಯಲ್ಲಿ ಮಾತ್ರ ಇದು ನಡೆಯುವ ಜಾಗಕ್ಕೆ ಶಿಶುವಿಹಾರ, ಬಾಲವಾಡಿ, ಅಂಗನವಾಡಿ, ನರ್ಸರಿ, ಎಲ್‌ಕೆಜಿ ಎಂದು ಹೆಸರು ಹಲವು. ಯಾವ ಹೆಸರು ಹೇಳಿದರು ಎನ್ನುವುದರಿಂದಲೇ ಮಗು ಎಂಥ ಮನೆಯದೆಂದು ಅರ್ಧ ಊಹಿಸಬಹುದು.

ಈ ಬರಹ ಶಿಶುಶಿಕ್ಷಣವನ್ನು ಮಲೆನಾಡಿನ ಒಂದು ಅಂಚಿನಿಂದ ನೋಡುತ್ತದೆ. ಹೊಂಗಡಹಳ್ಳ ಹಾಸನ ಜಿಲ್ಲೆಯ ಸಕಲೇಶಪುರ ತಾಲ್ಲೂಕಿನ ಪಡುವಣ ಅಂಚಿನ ಊರು. ಶಿರಾಡಿ ಮತ್ತು ಬಿಸಿಲೆ ಘಾಟಿಗಳ ನಡುವಣ ಮಲೆಯಲ್ಲಿದೆ. ಅದೇ ಹೆಸರಿನ ಹಳ್ಳವೊಂದು ಪಡುವಣಕ್ಕಿಳಿದು ಗುಂಡ್ಯ ಹೊಳೆಯ ನೀರಾಗುತ್ತದೆ. ಗುಂಡ್ಯ ಕುಮಾರಧಾರೆಯನ್ನೂ, ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನೂ ಸೇರುತ್ತವೆ.  

ಈ ಕಡೆ ಊರೆಂದರೆ ಬಯಲುಸೀಮೆಯಂತೆ ಗೋಡೆಗೆ ಗೋಡೆ ಅಂಟಿದ ಮನೆಗಳ ಕೇರಿಯಲ್ಲ. ಗದ್ದೆಯ ಮೇಲಂಚಿಗೊಂದು ಮನೆ, ಏಲಕ್ಕಿ ಮಲೆಯ ಬುಡಕ್ಕೊಂದು, ಕಾಫಿ ತೋಟದ ತುದಿಯಲ್ಲಿ ಕೂಲಿಯವರ ನಾಲ್ಕಾರು ಲೈನ್ ಮನೆ. ಒಂದರಿಂದ ಇನ್ನೊಂದಕ್ಕೆ ಹೋಗಲು ಏರು ಹತ್ತಬೇಕು, ಇಲ್ಲವೆ ಹಳ್ಳ ದಾಟಬೇಕು. ಆಲೂರಿನ ಕಡೆಗೆ ಬಂದಂತೆ ನೆಲ ತಗ್ಗಿ ಗದ್ದೆಬಯಲು ಅಗಲವಾಗುತ್ತದೆ, ಮನೆಗಳೂ ಸ್ವಲ್ಪ ಹತ್ತಿರವಾಗುತ್ತವೆ. ಶಿಶುಶಿಕ್ಷಣದ ಚರಿತ್ರೆಯನ್ನು ಸಾಮಾನ್ಯವಾಗಿ ಚಿಂತಕರ ಹೆಸರುಗಳ ಸಾಲಾಗಿ ಬರೆಯುತ್ತಾರೆ. ಈ ಸೀಮೆಯಲ್ಲಿ ನಿಂತು ನೋಡಿದರೆ ಆ ಸಾಲಿಗಿಂತ ಮೊದಲು ಕೇಳಬೇಕಾದದ್ದು ಇದು: ಮೂರು ವರ್ಷದ ಮಗು ಎಷ್ಟು ದೂರ ನಡೆದೀತು?

ಗಿರಣಿಯಿಂದ ಅಂಗಳಕ್ಕೆ

ಚಿಕ್ಕ ಮಕ್ಕಳಿಗೆಂದೇ ಶಾಲೆ ಹುಟ್ಟಿದ್ದು ಕೂಲಿಗೆ ಹೋಗುವ ತಾಯಂದಿರ ಸಲುವಾಗಿ. ಸ್ಕಾಟ್ಲೆಂಡಿನ ನ್ಯೂ ಲ್ಯಾನಾರ್ಕ್‌ನಲ್ಲಿ ಹತ್ತಿಗಿರಣಿ ನಡೆಸುತ್ತಿದ್ದ ರಾಬರ್ಟ್ ಓವೆನ್ ಹತ್ತು ವರ್ಷದೊಳಗಿನವರನ್ನು ಗಿರಣಿಯ ದುಡಿಮೆಯಿಂದ ಬಿಡಿಸಿ, 1816ರಲ್ಲಿ ಕಾರ್ಮಿಕರ ಎಳೆಯ ಮಕ್ಕಳಿಗೆ ಶಾಲೆ ತೆರೆದ. ಹಾಡು, ಕುಣಿತ, ಹೊರಗಿನ ಆಟ ಅಲ್ಲಿನ ಪಾಠಗಳಾಗಿದ್ದವು. ಜರ್ಮನಿಯಲ್ಲಿ ಫ್ರೋಬೆಲ್ 1837ರಲ್ಲಿ ಬ್ಲಾಂಕೆನ್‌ಬರ್ಗ್‌ನಲ್ಲಿ ಆರಂಭಿಸಿದ ಸಂಸ್ಥೆಗೆ 1840ರಲ್ಲಿ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ, ಎಂಬ ಹೆಸರು ಬಂತು. ತೋಟಗಳ ನಾಡಾದ ಸಕಲೇಶಪುರದಲ್ಲಿ ಕೂತು ಈ ಹೆಸರು ಓದಿದರೆ ಸಣ್ಣ ನಗೆ ಬರುತ್ತದೆ. 1907ರ ಜನವರಿ 6ರಂದು ಮರಿಯಾ ಮಾಂಟೆಸ್ಸರಿ ರೋಮಿನ ಸಾನ್ ಲೊರೆಂಜೊ ಬಡಾವಣೆಯಲ್ಲಿ ತನ್ನ ಮೊದಲ ಮಕ್ಕಳ ಮನೆ ತೆರೆದಳು. ಅಲ್ಲಿದ್ದವರೂ ಕೂಲಿಕಾರರೇ. ಹಗಲೆಲ್ಲ ಕೇಳುವವರಿಲ್ಲದ ಮಕ್ಕಳು ಹೊಸ ಕಟ್ಟಡದ ಗೋಡೆ, ಮೆಟ್ಟಿಲು ಹಾಳುಮಾಡುತ್ತಾರೆಂಬ ಮಾಲೀಕರ ಚಿಂತೆಯಿಂದ ಆ ಕೋಣೆ ಸಿಕ್ಕಿತು. ಅದೇ ಮಾಂಟೆಸ್ಸರಿ ಎಂಬ ಪದ ಇವತ್ತು ನಮ್ಮ ಪೇಟೆಗಳಲ್ಲಿ ಹೆಚ್ಚು ಫೀಸಿನ ಬೋರ್ಡಾಗಿದೆ.

ಭಾರತದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ಸ್ಥಾಪಿಸಿದರು. ಅವರೊಡನೆ ದುಡಿದ ತಾರಾಬಾಯಿ ಮೋಡಕ್ ಈ ಕೆಲಸವನ್ನು ಹಳ್ಳಿಗೆ ಒಯ್ಯಲು ಹೊರಟು, 1945ರಲ್ಲಿ ಬೋರ್ಡಿಯಲ್ಲಿ ಅನುತಾಯಿ ವಾಘ್ ಅವರೊಂದಿಗೆ ಗ್ರಾಮ ಬಾಲಶಿಕ್ಷಣ ಕೇಂದ್ರ ಕಟ್ಟಿದರು. ಅಲ್ಲೊಂದು ತೊಡಕು ಎದುರಾಯಿತು. ಬಡವರ, ದಲಿತರ ಮಕ್ಕಳು ಬಾಲವಾಡಿಗೆ ಬರಲಿಲ್ಲ. ಆಗ ಈ ಇಬ್ಬರು ಹೆಂಗಸರು ಬಾಲವಾಡಿಯನ್ನೇ ಎತ್ತಿಕೊಂಡು ಆ ಮಕ್ಕಳ ಮನೆಯ ಅಂಗಳಕ್ಕೆ ಹೋದರು. ಅಂಗನವಾಡಿ ಎಂಬ ಮಾತು ಅಲ್ಲಿಂದ ಬಂತು. ನಮ್ಮ ಅಂಗಳವೂ ಆ ಅಂಗನವೂ ಒಂದೇ ಪದದ ಎರಡು ಮುಖ. 1957ರಲ್ಲಿ ಕೆಲಸ ಕೋಸಬಾಡದ ಆದಿವಾಸಿ ಗುಡ್ಡಗಳಿಗೆ ಸಾಗಿತು. ಮಗುವಿನ ಬಳಿಗೆ ಶಾಲೆಯೇ ನಡೆದುಹೋಗುವುದು ಈ ಪದದ ಮೂಲ ಅರ್ಥ. ಮುಂದೆ ಸರ್ಕಾರ ಹೆಸರನ್ನು ತೆಗೆದುಕೊಂಡು ನಡಿಗೆಯನ್ನು ಮಗುವಿಗೆ ಬಿಟ್ಟಿತು ಎಂದರೆ ಅತಿಯಾಗಲಾರದು.

ಕನ್ನಡನಾಡಿನಲ್ಲಿ ಚಿಕ್ಕ ಮಕ್ಕಳ ಬಗೆಗಿನ ಹೊಸ ಯೋಚನೆ ಶಾಲೆಗಿಂತ ಮುಂಚೆ ಹಾಡಿನಲ್ಲಿ ಕಾಣಿಸಿತು. ಪಂಜೆ ಮಂಗೇಶರಾಯರು, ಆಮೇಲೆ ಜಿ.ಪಿ. ರಾಜರತ್ನಂ ಮಕ್ಕಳ ನಾಲಿಗೆಗೆ ಹೊಂದುವ ಪದ್ಯಗಳನ್ನು ಬರೆದರು. ಅವರಿಲ್ಲದೆ ಇವತ್ತಿನ ಯಾವ ಅಂಗನವಾಡಿಯ ಬೆಳಗೂ ಸಾಗುವುದಿಲ್ಲ. ಬಿಸಿಲೆ ಘಾಟಿ ಇಳಿದು ಸುಬ್ರಹ್ಮಣ್ಯ ದಾಟಿದರೆ ಸಿಗುವ ಪುತ್ತೂರಿನಲ್ಲಿ ಶಿವರಾಮ ಕಾರಂತರು 1930ರ ದಶಕದಲ್ಲಿ ಬಾಲವನ ಕಟ್ಟಿ, ಬೆತ್ತವಿಲ್ಲದ ಕಲಿಕೆಯ ಪ್ರಯೋಗ ಮಾಡಿದರು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಆರ್. ಕಲ್ಯಾಣಮ್ಮ 1938ರಲ್ಲಿ ಮಕ್ಕಳ ಕೂಟ ತೆರೆದರು. ಮರುವರ್ಷ ಮಾಂಟೆಸ್ಸರಿ ಸ್ವತಃ ಮದರಾಸಿನ ಅಡ್ಯಾರಿಗೆ ಬಂದಿಳಿದರು. ಯುದ್ಧದ ದೆಸೆಯಿಂದ 1946ರವರೆಗೆ ಭಾರತದಲ್ಲೇ ಉಳಿದು ನೂರಾರು ಶಿಕ್ಷಕರನ್ನು ತರಬೇತುಗೊಳಿಸಿದರು. ಈ ಯಾವುದರ ಸದ್ದೂ ಆ ಕಾಲದ ಮಂಜರಾಬಾದಿನ, ಅಂದರೆ ಇಂದಿನ ಸಕಲೇಶಪುರದ, ಲೈನ್ ಮನೆಗಳಿಗೆ ತಲುಪಿದ ಗುರುತಿಲ್ಲ.

ಘಟ್ಟದ ಮೇಲಿನ ಅಕ್ಷರ

ಶಾಲೆ ಬರುವ ಮುಂಚೆ ಮಲೆನಾಡಿನ ಮಗು ಕಲಿಯುತ್ತಿರಲಿಲ್ಲ ಎಂದುಕೊಳ್ಳುವುದು ತಪ್ಪು. ಒಲೆಯ ಮುಂದೆ ಅಜ್ಜಿಯ ಕಥೆ, ಒಗಟು, ಕಣದಲ್ಲಿ ಕಾಳು ಎಣಿಸುವ ಆಟ, ಯಾವ ಹಣ್ಣು ತಿನ್ನಬಹುದು ಯಾವುದು ವಿಷ ಎಂಬ ಕಾಡಿನ ತಿಳಿವಳಿಕೆ, ಇವೆಲ್ಲ ಐದು ವರ್ಷದೊಳಗೆ ಬರುತ್ತಿದ್ದವು. ಅಕ್ಷರದ ಮಾತು ಬೇರೆ. ಊರ ಅಯ್ಯನವರು ನಡೆಸುತ್ತಿದ್ದ ಕೂಲಿಮಠದಲ್ಲಿ ಮರಳಿನ ಮೇಲೆ ಬೆರಳಾಡಿಸಿ ಕಲಿಯುವ ಭಾಗ್ಯ ಕೆಲವು ಜಾತಿಗಳ ಗಂಡುಮಕ್ಕಳಿಗಷ್ಟೇ ಇತ್ತು. ದೊಡ್ಡ ಮನೆತನಗಳು ಘಟ್ಟದ ಕೆಳಗಿನಿಂದ ಮೇಷ್ಟರನ್ನು ಕರೆಸಿ ಮನೆಯಲ್ಲೇ ಇಟ್ಟುಕೊಳ್ಳುತ್ತಿದ್ದವು. ತೀರ್ಥಹಳ್ಳಿ ಸೀಮೆಯ ಕುಪ್ಪಳಿಯಲ್ಲಿ ಕುವೆಂಪು ಮೊದಲ ಅಕ್ಷರ ಕಲಿತದ್ದು ಹೀಗೆ ದಕ್ಷಿಣ ಕನ್ನಡದಿಂದ ಬಂದ ಮನೆಮೇಷ್ಟರಿಂದ. ದೂರದ ಸಮಸ್ಯೆಗೆ ಮಲೆನಾಡಿನ ಸಿರಿವಂತರು ಕಂಡುಕೊಂಡ ಪರಿಹಾರ ಅದು: ಮಗು ನಡೆಯಬೇಕಿಲ್ಲ, ಮೇಷ್ಟರೇ ಬರಲಿ. ಮೇಷ್ಟರ ಊಟ, ಸಂಬಳ ಭರಿಸಲಾರದವರ ಮಕ್ಕಳು ದನ ಕಾಯುತ್ತ ಬೆಳೆದರು.

ಮೈಸೂರು ಸಂಸ್ಥಾನದಲ್ಲಿ ಬಿ.ಎಲ್. ರೈಸ್ 1868ರಲ್ಲಿ ಹೋಬಳಿ ಶಾಲೆಗಳ ಯೋಜನೆ ತಂದರು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ಬಂತು. ಎರಡೂ ದೊಡ್ಡ ಹೆಜ್ಜೆಗಳೇ. ಆದರೆ ಹೋಬಳಿಗೊಂದು ಶಾಲೆ ಎಂಬ ಲೆಕ್ಕದಲ್ಲಿ ಘಟ್ಟದಂಚಿನ ಹಳ್ಳಿಯ ಹತ್ತು ವರ್ಷದ ಹುಡುಗನಿಗೇ ಶಾಲೆ ದೂರವಾಗಿತ್ತು. ಆರು ವರ್ಷದೊಳಗಿನವರು ಯಾರ ಲೆಕ್ಕದಲ್ಲೂ ಇರಲಿಲ್ಲ.

ತೋಟ, ಲೈನು, ತೊಟ್ಟಿಲು

ಮಂಜರಾಬಾದ್ ಎಂದು ಕರೆಸಿಕೊಳ್ಳುತ್ತಿದ್ದ ಈ ತಾಲ್ಲೂಕಿಗೆ 1840ರ ದಶಕದಲ್ಲಿ ಐರೋಪ್ಯ ಪ್ಲಾಂಟರುಗಳು ಬಂದರು. ಅವರ ನಂತರ ಬಂದ ಪ್ಲಾಂಟರ್ ರಾಬರ್ಟ್ ಎಲಿಯಟ್ ಮೈಸೂರು ಸೀಮೆಯ ಕಾಫಿ ಬೇಸಾಯದ ಮೇಲೆ ಪುಸ್ತಕವನ್ನೇ ಬರೆದ. ಕಾಫಿಯ ಹಿಂದೆ ಕೂಲಿಯವರು ಬಂದರು. ಮೇಸ್ತ್ರಿಗಳು ಮುಂಗಡ ಕೊಟ್ಟು ಘಟ್ಟದ ಕೆಳಗಿನಿಂದ, ತಮಿಳು ಸೀಮೆಯಿಂದ, ಬಯಲುನಾಡಿನಿಂದ ಕರೆತಂದ ಕುಟುಂಬಗಳಿಗೆ ಸಾಲಾಗಿ ಕಟ್ಟಿದ ಒಂದೊಂದು ಕೋಣೆಯ ಮನೆಗಳೇ ಲೈನು. ಓವೆನ್‌ನ ಗಿರಣಿಯಲ್ಲಿದ್ದ ಪರಿಸ್ಥಿತಿಯೇ ಇಲ್ಲಿಯೂ ಇತ್ತು. ತಾಯಿ ಬೆಳಿಗ್ಗೆ ಕೆಲಸಕ್ಕೆ ಹೋದರೆ ಮಗು ಎಲ್ಲಿ? ಹಸುಗೂಸಾದರೆ ಕಾಫಿಗಿಡದ ನೆರಳಲ್ಲಿ ಸೀರೆಯ ಜೋಳಿಗೆ. ಸ್ವಲ್ಪ ದೊಡ್ಡದಾದರೆ ಅದನ್ನು ನೋಡಿಕೊಳ್ಳಲು ಏಳೆಂಟು ವರ್ಷದ ಅಕ್ಕ ಮನೆಯಲ್ಲೇ ಉಳಿಯಬೇಕು. ಹೀಗೆ ತಮ್ಮನಿಗೆ ಬಾಲವಾಡಿ ಇಲ್ಲದ್ದಕ್ಕೆ ಅಕ್ಕನ ಶಾಲೆ ತಪ್ಪುತ್ತಿತ್ತು.

1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ಇದಕ್ಕೆ ಉತ್ತರ ಕೊಡಲು ಹೊರಟಿತು. ಐವತ್ತು ಅಥವಾ ಹೆಚ್ಚು ಹೆಂಗಸರು ದುಡಿಯುವ ತೋಟದಲ್ಲಿ ಅವರ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೋಣೆ ಇರಬೇಕು, ನೋಡಿಕೊಳ್ಳಲು ತರಬೇತಾದ ಹೆಂಗಸಿರಬೇಕು ಎಂದು ಅದರ 12ನೆಯ ಕಲಮು ಹೇಳಿತು. 1981ರ ತಿದ್ದುಪಡಿ ಇನ್ನೊಂದು ಬಾಗಿಲು ತೆರೆಯಿತು: ಹೆಂಗಸರ ಸಂಖ್ಯೆ ಕಡಿಮೆಯಿದ್ದರೂ ಅವರ ಮಕ್ಕಳು ಇಪ್ಪತ್ತಾದರೆ ಸಾಕು. ಕೇಳಲು ಚೆನ್ನ. ಆದರೆ ಭಾರತದ ಕಾಫಿ ಹಿಡುವಳಿಗಳಲ್ಲಿ ಬಹುಪಾಲು ಹತ್ತು ಹೆಕ್ಟೇರಿಗಿಂತ ಚಿಕ್ಕವು. ಸಕಲೇಶಪುರ, ಆಲೂರಿನ ತೋಟಗಳೂ ಹೆಚ್ಚಾಗಿ ಹಾಗೆಯೇ. ಐದೆಕರೆ, ಹತ್ತೆಕರೆಯ ಬೆಳೆಗಾರರ ಬಳಿ ಐವತ್ತು ಆಳು ಒಟ್ಟಿಗೆ ಕಾಣುವುದು ಕೊಯ್ಲಿನಲ್ಲಿಯೂ ಅಪರೂಪ. ಆಳುಗಳು ಇವತ್ತು ಈ ತೋಟ, ನಾಳೆ ಪಕ್ಕದ ತೋಟ ಎಂದು ಪಿಕಪ್ ಗಾಡಿಯಲ್ಲಿ ಓಡಾಡುತ್ತಾರೆ. ಒಟ್ಟು ಲೆಕ್ಕದಲ್ಲಿ ನೂರಾರು ತಾಯಂದಿರು, ಯಾವೊಬ್ಬ ಮಾಲೀಕನ ಹಾಜರಿ ಪುಸ್ತಕದಲ್ಲೂ ಐವತ್ತಿಲ್ಲ. ಕಾಯ್ದೆಯನ್ನು ಮುರಿಯುವ ಪ್ರಮೇಯವೇ ಬರಲಿಲ್ಲ, ಅದು ಇವರನ್ನು ಮುಟ್ಟಲೇ ಇಲ್ಲ. 2020ರ ಕಾರ್ಮಿಕ ಸಂಹಿತೆ ಆ ಹಳೆಯ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಂಡಿದೆ. ಸಂಖ್ಯೆಯ ಮೇಲೆ ನಿಂತ ಯೋಚನೆ ಬದಲಾಗಿಲ್ಲ.

ತಲೆ ಎಣಿಸಿ ಕಟ್ಟಿದ ಯೋಜನೆ

ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1944ರ ಸಾರ್ಜೆಂಟ್ ವರದಿ ದೇಶಕ್ಕೆ ಹತ್ತು ಲಕ್ಷ ಮಕ್ಕಳ ನರ್ಸರಿ ಶಿಕ್ಷಣ ಬೇಕೆಂದಿತ್ತು. 1953ರಲ್ಲಿ ದುರ್ಗಾಬಾಯಿ ದೇಶಮುಖರ ಅಧ್ಯಕ್ಷತೆಯಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಬಂತು. ಮಹಿಳಾ ಮಂಡಳಗಳ ಮೂಲಕ ಅಲ್ಲಲ್ಲಿ ಬಾಲವಾಡಿಗಳು ತೆರೆದವು. ಮೀನಾ ಸ್ವಾಮಿನಾಥನ್ ನೇತೃತ್ವದ ಅಧ್ಯಯನ ತಂಡ 1972ರಲ್ಲಿ ಕೊಟ್ಟ ವರದಿ ಒಂದು ಮುಖ್ಯ ಮಾತು ಹೇಳಿತು: ಬಡವರ ಮಗುವಿನ ಕಲಿಕೆಯನ್ನು ಊಟ ಮತ್ತು ಆರೋಗ್ಯದಿಂದ ಬೇರ್ಪಡಿಸಿ ನೋಡಲಾಗದು. 1974ರ ರಾಷ್ಟ್ರೀಯ ಮಕ್ಕಳ ನೀತಿಯ ಮರುವರ್ಷ, 1975ರ ಅಕ್ಟೋಬರ್ 2ರಂದು, ದೇಶದ 33 ಬ್ಲಾಕುಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು. ಕರ್ನಾಟಕದಲ್ಲಿ ಮೊದಲು ತೆರೆದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ. ಪೂರಕ ಆಹಾರ, ಶಾಲಾಪೂರ್ವ ಶಿಕ್ಷಣ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ದೊಡ್ಡ ಆಸ್ಪತ್ರೆಗೆ ಕಳಿಸುವ ಶಿಫಾರಸು, ತಾಯಂದಿರಿಗೆ ಪೋಷಣೆಯ ತಿಳಿವಳಿಕೆ, ಹೀಗೆ ಆರು ಸೇವೆಗಳು ಒಂದೇ ಕೋಣೆಯಲ್ಲಿ. ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಇಷ್ಟು ಒಳನಾಡಿಗೆ ತಲುಪಿದ ಮತ್ತೊಂದು ಸರ್ಕಾರಿ ಕೋಣೆಯನ್ನು ತೋರಿಸುವುದು ಕಷ್ಟ.

ಕೋಣೆ ಎಲ್ಲಿ ತೆರೆಯಬೇಕೆಂಬ ನಿಯಮ ಮಾತ್ರ ಜನಸಂಖ್ಯೆಯದು. ಬಯಲಿನಲ್ಲಿ 400ರಿಂದ 800 ಜನಕ್ಕೊಂದು, ಗುಡ್ಡಗಾಡಿನಲ್ಲಿ 300ರಿಂದ 800 ಜನಕ್ಕೊಂದು, 150ರಿಂದ 300 ಜನರಿದ್ದರೆ ಮಿನಿ ಅಂಗನವಾಡಿ. ಪಿಯುಸಿಎಲ್ ಸಂಘಟನೆ ಹೂಡಿದ್ದ ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2006ರ ಡಿಸೆಂಬರ್ 13ರಂದು, ಆರು ವರ್ಷದೊಳಗಿನ 40 ಮಕ್ಕಳಿದ್ದೂ ಅಂಗನವಾಡಿಯಿಲ್ಲದ ಜನವಸತಿ ಕೇಳಿದರೆ ಮೂರು ತಿಂಗಳೊಳಗೆ ಕೊಡಬೇಕೆಂದು ಆದೇಶಿಸಿತು. ದೇಶದ ಮಟ್ಟಿಗೆ ಅದು ದೊಡ್ಡ ತೀರ್ಪು. ಘಟ್ಟದಂಚಿನ ಊರಿಗೆ ಅದು ಹೇಗೆ ಕಾಣುತ್ತದೆಂದು ಯೋಚಿಸಬೇಕು. ನಾಲ್ಕು ಮನೆ ಇಲ್ಲಿ, ಆರು ಮನೆ ಹಳ್ಳದಾಚೆ ಇರುವ ಕಡೆ 40 ಮಕ್ಕಳನ್ನು ಕೂಡಿಸಬೇಕಾದರೆ ಎಷ್ಟು ಗುಡ್ಡ ಸುತ್ತಬೇಕು? ಅದೂ ಮಕ್ಕಳೇ ಕಡಿಮೆಯಾಗುತ್ತಿರುವ ಜಿಲ್ಲೆ. ಹಾಸನ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 17,21,669 ಇದ್ದದ್ದು 2011ರಲ್ಲಿ 17,76,421 ಆಯಿತು. ಹತ್ತು ವರ್ಷಕ್ಕೆ ನೂರಕ್ಕೆ ಮೂರರಷ್ಟೇ ಏರಿಕೆ. ಕಾಲೇಜು, ಕೆಲಸ ಎಂದು ಬೆಂಗಳೂರಿಗೆ ಹೋದವರ ಮಕ್ಕಳು ಅಲ್ಲೇ ಹುಟ್ಟಿ ಅಲ್ಲೇ ಎಲ್‌ಕೆಜಿ ಸೇರುತ್ತಾರೆ. ಊರಲ್ಲಿ ಉಳಿದ ಮಕ್ಕಳು ಕಡಿಮೆಯಾದಷ್ಟೂ ಕೇಂದ್ರ ಮುಚ್ಚುವ ಮಾತು ಹತ್ತಿರ ಬರುತ್ತದೆ, ಮುಚ್ಚಿದರೆ ಉಳಿದ ಮಕ್ಕಳಿಗೆ ದಾರಿ ಇನ್ನೂ ಉದ್ದವಾಗುತ್ತದೆ.

ದೂರದ ಪಾಠ 2017ರಲ್ಲಿ ಮತ್ತೊಮ್ಮೆ ಸಿಕ್ಕಿತು. ಆ ವರ್ಷ ಅಕ್ಟೋಬರ್ 2ರಂದು ರಾಜ್ಯವಿಡೀ ಜಾರಿಯಾದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಯರು, ಬಾಣಂತಿಯರು ಮಧ್ಯಾಹ್ನ ಅಂಗನವಾಡಿಗೇ ಬಂದು ಬಿಸಿಯೂಟ ಮಾಡಬೇಕಿತ್ತು. ತಾಯಿಯ ಪಾಲು ಮನೆಮಂದಿಗೆ ಹಂಚಿಹೋಗದೆ ತಾಯಿಗೇ ಸಿಗಲಿ ಎಂಬ ಆಶಯ ಒಳ್ಳೆಯದೇ. ತುಂಬು ಬಸುರಿ ಒಂದೂಟಕ್ಕಾಗಿ ಗುಡ್ಡ ಇಳಿದು ಮತ್ತೆ ಹತ್ತಬೇಕೆ ಎಂದು ಮಲೆನಾಡು ಕೇಳಿತು. ಬೆಂಗಳೂರಿನ ಮೇಜಿನ ಮೇಲಿನ ನಕ್ಷೆಯಲ್ಲಿ ಏರುತಗ್ಗು ಕಾಣುವುದಿಲ್ಲ.

ಕೋಣೆಯೊಳಗೆ

ಬೆಳಿಗ್ಗೆ ಒಂಬತ್ತೂವರೆಗೆ ಬಾಗಿಲು ತೆಗೆದ ಮೇಲೆ ಒಳಗೆ ನಡೆಯುವುದನ್ನು ನೋಡಿದರೆ, ಅಂಗನವಾಡಿ ಎಂದರೆ ಬರೀ ಉಪ್ಪಿಟ್ಟಿನ ಮನೆ ಎಂಬ ಲೇವಡಿ ನ್ಯಾಯವಲ್ಲ ಎನಿಸುತ್ತದೆ. ಪ್ರಾರ್ಥನೆ, ಮಾತುಕತೆ, ಅಭಿನಯ ಗೀತೆ, ಕಥೆ, ಬಣ್ಣ, ಮಣಿ ಪೋಣಿಸುವುದು, ಊಟ, ನಿದ್ದೆ. ಇದಕ್ಕೆಂದು ರಾಜ್ಯ ರೂಪಿಸಿದ ಚಟುವಟಿಕೆ ಪುಸ್ತಕ ‘ಚಿಲಿಪಿಲಿ’ ವಾರಕ್ಕೊಂದು ವಿಷಯ ಹಿಡಿದು ಸಾಗುತ್ತದೆ. ಅಕ್ಷರ ತಿದ್ದಿಸುವ ಅವಸರ ಅದರಲ್ಲಿಲ್ಲ, ಅದು ಅದರ ಗುಣ. ಬಲ್ಲ ಟೀಚರ್ ಒಬ್ಬಳಿದ್ದರೆ ಕಾಫಿ ಬೀಜ, ಅಂಟುವಾಳದ ಕಾಯಿ, ಹುಣಸೆ ಬೀಜ ಸಾಕು, ಎಣಿಕೆಯ ಪಾಠ ಆಗಿಬಿಡುತ್ತದೆ. ಮೂರರ ಮಗುವೂ ಐದರ ಮಗುವೂ ಒಂದೇ ಚಾಪೆಯಲ್ಲಿ ಕೂರುವುದನ್ನು ಕೊರತೆ ಎಂದು ಎಣಿಸುವವರುಂಟು. ಮಾಂಟೆಸ್ಸರಿ ಅದನ್ನೇ ಬೇಕೆಂದು ಮಾಡಿದ್ದಳು.

ಊಟದ ಪಾಲು ದೊಡ್ಡದು. ಮೂರರಿಂದ ಆರು ವರ್ಷದ ಮಗುವಿಗೆ ದಿನಕ್ಕೆ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನು ಎಂಬುದು 2023ರವರೆಗೆ ನಿಯಮವಾಗಿತ್ತು. 2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯದ ಹಾಲು ಸೇರಿತು. ಮೊಟ್ಟೆಯೂ ಇದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35ರಷ್ಟು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಹಾಗಿರುವಾಗ ಹಾಲಿನ ಲೋಟವನ್ನು ಶಿಕ್ಷಣದಿಂದ ಹೊರಗಿಟ್ಟು ಮಾತಾಡುವುದು ಹೊಟ್ಟೆ ತುಂಬಿದವರ ಚರ್ಚೆ.

ಕೋಣೆಯೊಳಗಿನ ಹೊಸ ಕಷ್ಟ ಭಾಷೆಯದು. ಮೊದಲೂ ಲೈನ್ ಮನೆಗಳಲ್ಲಿ ತುಳು, ತಮಿಳು ಕೇಳುತ್ತಿದ್ದವು. ಎರಡು ಮೂರು ತಲೆಮಾರಿನಿಂದ ನೆಲೆಸಿದ ಆ ಮಕ್ಕಳು ಬೀದಿಯಲ್ಲೇ ಕನ್ನಡ ಕಲಿತು ಬರುತ್ತಿದ್ದರು. ಈಗ ಕೊಯ್ಲಿಗೆ ಅಸ್ಸಾಂ, ಬಂಗಾಳ, ಜಾರ್ಖಂಡಿನಿಂದ ಕುಟುಂಬಗಳು ಬರುತ್ತವೆ, ಕೆಲವು ತಿಂಗಳು ಇದ್ದು ಇನ್ನೊಂದು ತೋಟಕ್ಕೋ ಊರಿಗೋ ಹೋಗುತ್ತವೆ. ಅಂಥ ಮಗು ಚಾಪೆಯ ಮೂಲೆಯಲ್ಲಿ ಕೂತು ಕನ್ನಡದ ಹಾಡಿಗೆ ಕೈಯಷ್ಟೇ ಆಡಿಸುತ್ತದೆ. ಹಾಡು ಬಾಯಿಗೆ ಬರುವ ಹೊತ್ತಿಗೆ ಮೇಸ್ತ್ರಿ ಗಾಡಿ ತಂದಿರುತ್ತಾನೆ. 2021ರಲ್ಲಿ ಬಂದ ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ ವಲಸೆ ಹೋದವರ ಹೆಸರನ್ನು ಬೇರೆ ಕೇಂದ್ರಕ್ಕೆ ವರ್ಗಾಯಿಸಲು ಅವಕಾಶವೇನೋ ಇದೆ. ಮುಖ ಗುರುತಿಸುವ ಪದ್ಧತಿಯೂ ಈಚೆಗೆ ಬಂದಿದೆ. ಇದಕ್ಕೆಲ್ಲ ಮೊದಲು ಸಿಗ್ನಲ್ ಬೇಕು. ಘಟ್ಟದಂಚಿನಲ್ಲಿ ಸಿಗ್ನಲ್ ಹುಡುಕಿ ಟೀಚರ್ ದಿಬ್ಬ ಹತ್ತುವಾಗ ಮಕ್ಕಳು ಒಳಗೆ ಕಾಯುತ್ತಿರುತ್ತವೆ.

ಮಳೆ, ಆನೆ, ಕೊಯ್ಲು

ಇಲ್ಲಿನ ಹಾಜರಿ ಪುಸ್ತಕವನ್ನು ಪಂಚಾಂಗದಂತೆ ಓದಬಹುದು. ಜೂನ್ ಮಧ್ಯದಿಂದ ಆಗಸ್ಟ್‌ವರೆಗೆ ಹಳ್ಳಗಳು ತುಂಬುತ್ತವೆ, ಕಾಲುಸಂಕಗಳು ಜಾರುತ್ತವೆ, ಕೆಸರಿನ ದಾರಿಯಲ್ಲಿ ಉಂಬಳಗಳು ಹೊಂಚುತ್ತವೆ. ಧರೆ ಕುಸಿದರೆ ರಸ್ತೆಯೇ ಇಲ್ಲ. 2018ರ ಆಗಸ್ಟಿನಲ್ಲಿ ಶಿರಾಡಿ ಹೆದ್ದಾರಿಯೇ ಮುಚ್ಚಿಹೋಗಿತ್ತು, ಇನ್ನು ಕಾಲುದಾರಿಯ ಪಾಡೇನು. ಆ ತಿಂಗಳುಗಳಲ್ಲಿ ಮಗುವನ್ನು ಮನೆಯಲ್ಲಿಟ್ಟುಕೊಂಡ ತಾಯಿಯನ್ನು ಅಸಡ್ಡೆಯವಳು ಎನ್ನಲಾಗದು. ನವೆಂಬರಿನಿಂದ ಅರೇಬಿಕಾ ಕೊಯ್ಲು, ಅದರ ಬೆನ್ನಿಗೆ ರೊಬಸ್ಟಾ. ತೋಟದ ಕೆಲಸ ಅಂಗನವಾಡಿಯ ಬಾಗಿಲು ತೆರೆಯುವ ಮುಂಚೆಯೇ ಶುರುವಾಗುತ್ತದೆ. ಒಂಬತ್ತೂವರೆವರೆಗೆ ಕಾಯಲು ಯಾವ ಆಳಿಗೂ ಆಗುವುದಿಲ್ಲ. ಹಾಗಾಗಿ ಮಗು ಒಂದೋ ತೋಟಕ್ಕೆ ಬರುತ್ತದೆ, ಇಲ್ಲವೆ ಮನೆಯಲ್ಲಿ ಅಜ್ಜಿಯ ಬಳಿ ಉಳಿಯುತ್ತದೆ. ಮೂರು ವರ್ಷದೊಳಗಿನವರಿಗೆಂದು 2023–24ರಲ್ಲಿ ಘೋಷಿಸಿದ ‘ಕೂಸಿನ ಮನೆ’ ರಾಜ್ಯದ 4,000 ಗ್ರಾಮ ಪಂಚಾಯಿತಿಗಳಿಗೆ ಉದ್ದೇಶಿಸಿದ್ದು, ಮುಖ್ಯವಾಗಿ ಉದ್ಯೋಗ ಖಾತ್ರಿಯ ತಾಯಂದಿರನ್ನು ನೆನೆದು ಹುಟ್ಟಿದ್ದು. ಪಂಚಾಯಿತಿಗೊಂದು ಎಂಬ ಲೆಕ್ಕ ಮಲೆನಾಡಿನಲ್ಲಿ ಮತ್ತೆ ಅದೇ ಹಳೆಯ ಪ್ರಶ್ನೆಗೆ ತಾಗುತ್ತದೆ.

ಆನೆಯದು ಈಚಿನ ದಶಕಗಳ ಭಯ. ಆಲೂರು–ಸಕಲೇಶಪುರ ಸೀಮೆಯ ಆನೆಗಳಿಗೆ ಕಾಡಿಗಿಂತ ಕಾಫಿ ತೋಟವೇ ಮನೆಯಾಗಿದೆ. ಹೈಕೋರ್ಟಿನ ಸೂಚನೆಯಂತೆ ರಚನೆಯಾದ ಕರ್ನಾಟಕ ಆನೆ ಕಾರ್ಯಪಡೆ, ರಾಮನ್ ಸುಕುಮಾರ್ ಅಧ್ಯಕ್ಷತೆಯಲ್ಲಿ, 2012ರಲ್ಲಿ ಈ ಸೀಮೆಯಿಂದ ಆನೆಗಳನ್ನು ಹಿಡಿದು ಸಾಗಿಸುವುದೇ ದಾರಿಯೆಂದಿತು. ಹಿಡಿದು ಸಾಗಿಸಿದ ಮೇಲೂ ಬೇರೆ ಹಿಂಡುಗಳು ಬಂದವು. 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವಾಗ ದಸರೆಯ ಅಂಬಾರಿ ಹೊತ್ತಿದ್ದ ಸಾಕಾನೆ ಅರ್ಜುನನೇ ಸತ್ತ. ಅರಣ್ಯ ಇಲಾಖೆಯ ಸಂದೇಶ ಮೊಬೈಲಿಗೆ ಬಂದ ದಿನ ದೊಡ್ಡವರೇ ತೋಟಕ್ಕಿಳಿಯುವುದಿಲ್ಲ. ಅಂಥ ದಿನ ಅಂಗನವಾಡಿಯಲ್ಲಿ ಬಾಗಿಲ ಪಕ್ಕದ ಮನೆಯ ಇಬ್ಬರು ಮಕ್ಕಳಷ್ಟೇ ಇದ್ದರೆ ಮೇಲ್ವಿಚಾರಕಿಗೆ ಬರೆಯಬೇಕಾದ ಕಾರಣಕ್ಕೆ ನಮೂನೆಯಲ್ಲಿ ಕಾಲಂ ಇಲ್ಲ.

ಕೋವಿಡ್ ಕಾಲದಲ್ಲಿ 2020ರ ಮಾರ್ಚ್‌ನಿಂದ 2021ರ ನವೆಂಬರ್ 8ರವರೆಗೆ ಅಂಗನವಾಡಿಗಳು ಮುಚ್ಚಿದ್ದವು. ಊಟದ ಸಾಮಾನು ಮನೆಗೆ ತಲುಪಿತು, ಆಟ ತಲುಪಲಿಲ್ಲ.

ಕಾನ್ವೆಂಟಿನ ವ್ಯಾನು

ರಸ್ತೆ ಇರುವಲ್ಲಿಗೆ ಹಳದಿ ವ್ಯಾನು ಬರುತ್ತದೆ. ಸಕಲೇಶಪುರ, ಬಾಳ್ಳುಪೇಟೆ, ಆಲೂರಿನಂಥ ಪೇಟೆಗಳ ಇಂಗ್ಲಿಷ್ ಶಾಲೆಗೆ ಮೂರೂವರೆ ವರ್ಷದ ಮಗು ಟೈ ಕಟ್ಟಿಕೊಂಡು ಬೆಳಿಗ್ಗೆ ಏಳೂವರೆಗೇ ಹೊರಡುತ್ತದೆ, ಅರ್ಧ ದಾರಿಯಲ್ಲಿ ನಿದ್ದೆ ಹೋಗುತ್ತದೆ. ತೋಟದ ಒಡೆಯರ ಮಕ್ಕಳಷ್ಟೇ ಅಲ್ಲ, ರೈಟರ, ಡ್ರೈವರ, ಸಾಲ ಮಾಡಿಯಾದರೂ ಫೀಸು ಕಟ್ಟುವ ಕೂಲಿಯವರ ಮಕ್ಕಳೂ ಅದರಲ್ಲಿದ್ದಾರೆ. ಅಲ್ಲಿ ನಾಲ್ಕನೇ ವರ್ಷಕ್ಕೇ ಬರೆಯುವ ಹೋಂವರ್ಕ್ ಕೊಡುತ್ತಾರೆ. ಬೆರಳಿನ ಎಲುಬು ಗಟ್ಟಿಯಾಗುವ ಮುಂಚೆ ಪೆನ್ಸಿಲ್ ಒತ್ತಿಸುವುದು ಕಲಿಸುವುದಲ್ಲ ಎಂದು ಎಷ್ಟು ಹೇಳಿದರೂ, ಎರಡು ಇಂಗ್ಲಿಷ್ ಪದ್ಯ ಒಪ್ಪಿಸುವ ಮಗುವಿನ ಮುಂದೆ ತಂದೆತಾಯಿಯ ಕಣ್ಣು ಅರಳುವುದನ್ನು ತಡೆಯಲಾಗದು. ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2014ರ ಮೇ 6ರಂದು ಕರ್ನಾಟಕದ ಪ್ರಕರಣದಲ್ಲೇ ತೀರ್ಪಿತ್ತ ಮೇಲೆ ಈ ಮಾತು ಮನವೊಲಿಕೆಯದಾಗಿ ಮಾತ್ರ ಉಳಿದಿದೆ.

ಸರ್ಕಾರದ ಉತ್ತರ ಎರಡು ದಿಕ್ಕಿಗೆ ಎಳೆಯುತ್ತಿದೆ. ಶಿಕ್ಷಣ ಇಲಾಖೆ ತನ್ನ ಶಾಲೆಗಳಲ್ಲೇ ಎಲ್‌ಕೆಜಿ, ಯುಕೆಜಿ ತೆರೆಯುತ್ತಿದೆ. ಮಹಿಳಾ ಮತ್ತು ಮಕ್ಕಳ ಇಲಾಖೆ 2024ರಲ್ಲಿ ಬೆಂಗಳೂರಿನ 250 ಅಂಗನವಾಡಿಗಳಿಗೆ ಸರ್ಕಾರಿ ಮಾಂಟೆಸ್ಸರಿ ಎಂದು ಹೆಸರಿಟ್ಟಿತು. ಅದೇ ವರ್ಷ ತಮ್ಮ ಕೇಂದ್ರಗಳ ಮಕ್ಕಳನ್ನು ಶಾಲೆಗಳು ಸೆಳೆದುಕೊಳ್ಳುತ್ತವೆಂದು ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದರು. 2020ರ ರಾಷ್ಟ್ರೀಯ ನೀತಿ ಮೂರರಿಂದ ಎಂಟು ವರ್ಷವನ್ನು ಒಂದೇ ಬುನಾದಿ ಹಂತವೆಂದಿತು. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ಎರಡು ವರ್ಷದ ಪೂರ್ವ ಪ್ರಾಥಮಿಕವನ್ನು ಶಾಲೆಯ ಭಾಗವಾಗಿಸಿ 2+8+4ರ ಲೆಕ್ಕ ಕೊಟ್ಟಿತು. ಒಂದನೇ ತರಗತಿಗೆ ಆರು ತುಂಬಿರಬೇಕೆಂಬ ನಿಯಮವನ್ನು 2025–26ಕ್ಕೆ ಮಾತ್ರ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದ್ದೂ ಆಯಿತು. ಕಾನೂನಿನ ನೆಲಗಟ್ಟು ಮಾತ್ರ ಸಡಿಲವಾಗಿಯೇ ಇದೆ. 2002ರ ತಿದ್ದುಪಡಿಯ ನಂತರ ಸಂವಿಧಾನದ 45ನೆಯ ವಿಧಿ ಆರು ವರ್ಷದವರೆಗಿನ ಪಾಲನೆ ಮತ್ತು ಶಿಕ್ಷಣಕ್ಕೆ ರಾಜ್ಯ ‘ಪ್ರಯತ್ನಿಸಬೇಕು’ ಎನ್ನುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 11ನೆಯ ಕಲಮು ವ್ಯವಸ್ಥೆ ‘ಮಾಡಬಹುದು’ ಎನ್ನುತ್ತದೆ. ಆರು ದಾಟಿದ ಮಗುವಿಗೆ ‘ಬೇಕು’, ಆರರೊಳಗಿನದಕ್ಕೆ ‘ಬಹುದು’.

ಕರೆತರುವವರು

ಇಷ್ಟೆಲ್ಲವನ್ನೂ ಹೊತ್ತವಳು ಅಂಗನವಾಡಿ ಟೀಚರ್. ಹಿಂದೆ ಎಸ್ಸೆಸ್ಸೆಲ್ಸಿ ಸಾಕಿತ್ತು, ಈಗ ಪಿಯುಸಿ ಬೇಕು. ಪಾಠದ ಜೊತೆಗೆ ಸ್ತ್ರೀಶಕ್ತಿ ಸಂಘ, ಭಾಗ್ಯಲಕ್ಷ್ಮಿ ಅರ್ಜಿ, ಚುನಾವಣೆಯ ಪಟ್ಟಿ, ಸಮೀಕ್ಷೆ ಎಲ್ಲವೂ ಅವಳ ಕೈಗೇ. ಆದರೂ ಅವಳು ಸರ್ಕಾರಿ ನೌಕರಳಲ್ಲ. ಕರ್ನಾಟಕದಿಂದಲೇ ಹೋದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟ್ 2006ರ ಡಿಸೆಂಬರಿನಲ್ಲಿ, ಕಾರ್ಯಕರ್ತೆಯದು ಸರ್ಕಾರಿ ಹುದ್ದೆಯಲ್ಲ ಎಂದಿತು. ಹದಿನೈದು ವರ್ಷದ ಮೇಲೆ, 2022ರ ಏಪ್ರಿಲ್ 25ರಂದು, ಗುಜರಾತಿನ ಪ್ರಕರಣದಲ್ಲಿ ಅದೇ ನ್ಯಾಯಾಲಯ ಅವರಿಗೆ ಗ್ರಾಚ್ಯುಯಿಟಿ ಸಲ್ಲಬೇಕೆಂದಿತು. ತಿಂಗಳ ಹಣಕ್ಕೆ ಇಂದಿಗೂ ಸಂಬಳ ಎಂಬ ಹೆಸರಿಲ್ಲ, ಅದು ಗೌರವಧನ.

ಅವಳಿಗಿಂತ ಕಡಿಮೆ ಹಣಕ್ಕೆ ದುಡಿಯುವ ಸಹಾಯಕಿಯನ್ನು ವರದಿಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ. ಅಡುಗೆ, ಗುಡಿಸುವುದು, ನೀರು ತರುವುದರ ಜೊತೆಗೆ ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರುವುದೂ ಅವಳ ಕೆಲಸ. ಮಲೆನಾಡಿನಲ್ಲಿ ಮೊದಲು ಬರೆಯಬೇಕಾದ ಕೆಲಸ ಅದೇ. ಆದರೆ ಮಿನಿ ಅಂಗನವಾಡಿಗೆ ಸಹಾಯಕಿಯೇ ಇರಲಿಲ್ಲ. ಜನ ಕಡಿಮೆ, ಮನೆಗಳು ದೂರ ದೂರ ಎಂದು ಯಾವ ವಸತಿಗೆ ಮಿನಿ ಕೇಂದ್ರ ಕೊಟ್ಟರೋ ಅಲ್ಲಿಯೇ ಕರೆತರುವವರಿಲ್ಲದೆ, ಒಬ್ಬಳೇ ಬೇಯಿಸಿ, ಬಡಿಸಿ, ಹಾಡಿಸಿ, ನಡುವೆ ಬಾಗಿಲಿಗೆ ಚಿಲಕ ಹಾಕಿ ಮಕ್ಕಳನ್ನು ಹುಡುಕಿಕೊಂಡು ಹೋಗಬೇಕಾಗಿತ್ತು. ಮಿನಿ ಕೇಂದ್ರಗಳನ್ನು ಪೂರ್ಣ ಅಂಗನವಾಡಿಗಳಾಗಿಸುವ ಈಚಿನ ತೀರ್ಮಾನದಿಂದ ಇಂಥ ಕಡೆಗೂ ಸಹಾಯಕಿ ಬರುತ್ತಿದ್ದಾಳೆ. ಮಳೆಗಾಲದ ಬೆಳಿಗ್ಗೆ ಅವಳ ಒಂದು ಕೈಗೆ ಕೊಡೆ, ಸೊಂಟಕ್ಕೆ ಎಲ್ಲಕ್ಕಿಂತ ಚಿಕ್ಕದು, ಇನ್ನೊಂದು ಕೈಗೆ ಅದರ ಅಣ್ಣ. ಮೂರನೆಯ ಮಗು ಸೆರಗು ಹಿಡಿದು ಸಂಕ ದಾಟುತ್ತದೆ. ನಾಲ್ಕನೆಯದಕ್ಕಾಗಿ ಅವಳು ಇನ್ನೊಂದು ಸಲ ಹೋಗಬೇಕು.